ತೊಟ್ಟಿಲು ಹೊರುವಷ್ಟು

ಅಜ್ಜಿಯರು ಹೇಳುವ ಕತೆಗಳಲ್ಲಿ ಅತ್ತಿಗೆ ನಾದಿನಿಯರು ಒಂದೇ ಬಾವಿಯ ನೀರು ಸೇದಿದರೂ ಒಂದೇ ಹಗ್ಗ ಹಿಡಿಯುವುದಿಲ್ಲ. ಅತ್ತಿಗೆ ನಾದಿನಿಯ ಊಟಕ್ಕೆ ಕಲ್ಲು ಬೆರೆಸುತ್ತಾಳೆ, ನಾದಿನಿ ಅತ್ತಿಗೆಯ ಮೇಲೆ ಚಾಡಿ ಹೇಳುತ್ತಾಳೆ, ಇಬ್ಬರಲ್ಲೊಬ್ಬರು ಮರವೋ ಹಕ್ಕಿಯೋ ಆಗುವ ತನಕ ಕತೆ ಮುಗಿಯುವುದಿಲ್ಲ. ಈ ಕತೆಯ ಅತ್ತಿಗೆ ನಾದಿನಿಯರು ಮಾತ್ರ ಒಂದೇ ತೊಟ್ಟಿಲಲ್ಲಿ ನಿಂತು ದೊಡ್ಡ ದೊಡ್ಡ ಕಟ್ಟಡಗಳ ಗಾಜನ್ನು ನೆತ್ತಿಯಿಂದ ಪಾದದವರೆಗೆ ಒರೆಸುತ್ತಿದ್ದರು.

ತೊಟ್ಟಿಲು ಅಂದರೆ ಮಗು ಮಲಗಿಸುವುದಲ್ಲ. ಕಟ್ಟಡದ ಮೇಲಿನಿಂದ ಎರಡು ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ, ಸೊಂಟದೆತ್ತರದ ಕಂಬಿಗಳಿರುವ ಉದ್ದನೆಯ ಕಬ್ಬಿಣದ ಬುಟ್ಟಿ. ಒಂದು ಗುಂಡಿ ಒತ್ತಿದರೆ ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಗಾಜು ಒರೆಸುವವರೆಲ್ಲ ಅದನ್ನು ತೊಟ್ಟಿಲು ಅಂತಲೇ ಕರೆಯುವುದು. ಗಾಳಿ ಬಂದರೆ ತೂಗುತ್ತದೆ, ತೂಗಿದರೆ ಇದ್ದ ನಿದ್ದೆಯೂ ಹಾರಿಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ಅವರು ಮೂವರು. ಎಡಗಡೆ ಗುಬ್ಬಿ, ಬಲಗಡೆ ಅತ್ತಿಗೆ, ನಡುವೆ ಅಣ್ಣ. ಗುಬ್ಬಿ ಅನ್ನುವ ಹೆಸರೂ ಅಣ್ಣನೇ ಇಟ್ಟದ್ದು. ಹುಟ್ಟಿದಾಗ ಅವಳು ಅಂಗೈಯಲ್ಲಿ ಹಿಡಿಸುವಷ್ಟಿದ್ದಳಂತೆ. ಹೆಂಗಸರಿಬ್ಬರು ಸಾಬೂನು ನೀರು ಬಳಿದು ರಬ್ಬರ್ ಪಟ್ಟಿಯಿಂದ ಎಳೆದ ಮೇಲೆ ಅಣ್ಣ ತನ್ನ ಬಕೆಟ್ಟಿನ ತಿಳಿನೀರಿಗೆ ಬಟ್ಟೆ ಅದ್ದಿ, ಹಿಂಡಿ, ಕೊನೆಯ ಕೈ ಆಡಿಸುತ್ತಿದ್ದ. ಆ ಕೈ ಆಡಿದ ಗಾಜಿನಲ್ಲಿ ಮೋಡಗಳು ತಮ್ಮ ಮುಖ ನೋಡಿಕೊಳ್ಳಲು ಒಂದು ಗಳಿಗೆ ನಿಲ್ಲುತ್ತವೆ ಅಂತ ಗುಬ್ಬಿಗೆ ಅನ್ನಿಸುತ್ತಿತ್ತು. ಅವನ ಬಕೆಟ್ ಹಸಿರು ಬಣ್ಣದ್ದು, ಹಿಡಿಗೆ ಹಳೆಯ ಬಟ್ಟೆ ಸುತ್ತಿತ್ತು. ಅದರೊಳಗೆ ಬೇರೆ ಯಾರೂ ಕೈ ಅದ್ದುವಂತಿರಲಿಲ್ಲ.

ಹೋದ ವರ್ಷ ಅಣ್ಣ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವನು ಕೊನೆಯ ನಿಲ್ದಾಣ ಬಂದರೂ ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಸುದ್ದಿ ಕೇಳಿ ಗುಬ್ಬಿ ಓಡಿಬಂದು ಆ ಬಸ್ಸು ಹತ್ತಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಆ ಕಿಟಕಿ. ಗಾಜು ತುಂಬ ಕೊಳೆಯಾಗಿತ್ತು. ಇವರು ಯಾಕೆ ತೊಳೆಸಿಲ್ಲ ಅಂದುಕೊಂಡಳು. ಅಷ್ಟೇ ಅಂದುಕೊಂಡದ್ದು. ಆಮೇಲೂ ಅಳು ಬರಲಿಲ್ಲ. ಕಾಲು ಮಡಿಚಿ ಬಹಳ ಹೊತ್ತು ಕೂತರೆ ಜೋಮು ಹಿಡಿದು ಕಾಲು ತನ್ನದೇ ಅಲ್ಲ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು.

ಅತ್ತಿಗೆಗೂ ಹಾಗೇ ಇದ್ದಿರಬೇಕು. ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಸಂಜೆ ಬಂದು ಬೂಟು ಬಿಚ್ಚಿ ಅಡುಗೆಮನೆಯ ಮೇಜಿಗೆ ಎದುರುಬದುರು ಕೂರುತ್ತಿದ್ದರು. ಮೇಜಿನ ಮೇಲೆ ಸಿಹಿ ವೈನಿನ ಬಾಟಲಿ, ಕ್ರೀಮ್ ಬಿಸ್ಕತ್ತಿನ ಡಬ್ಬ, ಜಾಮಿನ ಶೀಶೆ, ಎರಡು ಚಮಚ. ಅಣ್ಣ ಇದ್ದಾಗ ಬಾಟಲಿ ಬರುತ್ತಿದ್ದದ್ದು ರಜೆಯ ಹಿಂದಿನ ಸಂಜೆ ಮಾತ್ರ. ಮೂವರೂ ಒಂದೊಂದು ಲೋಟ ಕುಡಿದು, ಅಣ್ಣ ಹಾಡಲು ಶುರುಮಾಡಿದ ಕೂಡಲೇ ಅತ್ತಿಗೆ ಬಿರಡೆ ಹಾಕಿಬಿಡುತ್ತಿದ್ದಳು. ಈಗ ದಿನವೂ ಬರುತ್ತಿತ್ತು, ಬಿರಡೆ ಹಾಕುವ ಕಾರಣವೇ ಇರಲಿಲ್ಲ. ಜಾಮನ್ನು ಬ್ರೆಡ್ಡಿಗೆ ಸವರುವ ತಂಟೆ ಯಾಕೆಂದು ಚಮಚದಲ್ಲೇ ತಿನ್ನುತ್ತಿದ್ದರು. ಸಿಹಿ ಅಂತ ನಾಲಿಗೆಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತು ಅಷ್ಟೇ. ಬಾಟಲಿ ಮುಗಿದರೆ ದಿನ ಮುಗಿಯಿತು ಅಂತ ಲೆಕ್ಕ. ಹೀಗೇ ದಿನಗಳು ಮುಗಿದವು, ಕೆಲಸದ ಅಂಗಿಯ ಗುಂಡಿಗಳು ಒಂದೊಂದಾಗಿ ಕೈಕೊಟ್ಟವು.

ಹೊಸ ತೊಟ್ಟಿಲು ಬಂದದ್ದು ಆಗ. ಹಳೆಯದು ಮೂರು ಜನರ ದೊಡ್ಡ ಬುಟ್ಟಿ, ಎಷ್ಟು ಹೇರಿದರೂ ಗೊಣಗುತ್ತ ಏರುತ್ತಿತ್ತು. ಹೊಸದು ಇಬ್ಬರದು, ಚುರುಕಿನದು, ಮಹಾ ಶಿಸ್ತಿನದು. ಭಾರ ಹೆಚ್ಚಾದರೆ ಕೆಂಪು ದೀಪ ಹತ್ತಿಸಿ ಕೊಂಯ್ ಅಂತ ಕಿರುಚುತ್ತದೆ, ನೆಲ ಬಿಡುವುದಿಲ್ಲ.

ಮೊದಲ ದಿನ ಗುಬ್ಬಿ ಕಟ್ಟಡದ ಹಿತ್ತಲ ನಲ್ಲಿಯಲ್ಲಿ ಎಂದಿನಂತೆ ಬಕೆಟ್ಟುಗಳನ್ನು ತುಂಬಿದಳು. ಅತ್ತಿಗೆ ಎಂದಿನಂತೆ ಹೊತ್ತು ತಂದು ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಇಟ್ಟಳು. ಇಬ್ಬರೂ ಹತ್ತಿ ನಿಂತು ಸೊಂಟದ ಪಟ್ಟಿ ಬಿಗಿದು ಗುಂಡಿ ಒತ್ತಿದರು. ಕೊಂಯ್.

"ಏನ್ರಮ್ಮಾ ತಾಯಂದಿರಾ, ಜೇಬಲ್ಲಿ ಇಟ್ಟಿಗೆ ಇಟ್ಕೊಂಡಿದೀರಾ?" ಅಂದ ಮೇಸ್ತ್ರಿ ಕೆಳಗಿನಿಂದ.

"ಇಟ್ಟಿಗೆ ಇದ್ದಿದ್ರೆ ಮನೆ ಕಟ್ಕೋತಿದ್ವಿ ಮೇಸ್ತ್ರಿಗಳೇ, ನಿಮ್ಮ ಬಾಯಿಗೆ ಯಾಕೆ ಬೀಳ್ತಿದ್ವಿ," ಅಂದಳು ಅತ್ತಿಗೆ.

"ಅಲ್ಲ ಗುಬ್ಬೀ, ನಿಮ್ಮಣ್ಣ ಕಣ್ಮುಚ್ಕೊಂಡು ಹೆಸರಿಟ್ನಾ? ಗುಬ್ಬಿ ಅಲ್ಲಮ್ಮ ನೀನು, ಗೂಳಿ." ಅಂದವನು, ಸತ್ತವನ ಮಾತು ಬಾಯಿಗೆ ಬಂದದ್ದು ತಿಳಿದು ಟೋಪಿ ಸರಿಮಾಡಿಕೊಂಡ. ಮೇಸ್ತ್ರಿಯ ಬಾಯಿ ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆ. ಆಮೇಲೆ ಮೆಲ್ಲಗೆ ಹೇಳಿದ, "ನೋಡಿ, ನಂದೇನಿಲ್ಲ. ಇಬ್ಬರೂ ಸೇರಿ ನೂರ ಅರವತ್ತು ಕೆಜಿ ದಾಟಬಾರದು ಅಂತ ಮಿಷನ್ ಕಂಪನಿಯವರು ಹೇಳಿದಾರೆ. ಚಳಿ ಮುಗಿಯೋವರೆಗೆ ಹಳೇ ತೊಟ್ಟಿಲಲ್ಲಿ ಹಿಂದಿನ ಕಟ್ಟಡ ನೋಡ್ಕೊಳ್ಳಿ. ಆಮೇಲೆ ಅದು ಗುಜರಿಗೆ. ಅಷ್ಟರಲ್ಲಿ ಇಳಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಒಬ್ಬರು ಇಲ್ಲಿ, ಒಬ್ಬರು ಆಸ್ಪತ್ರೆ ಕಟ್ಟಡಕ್ಕೆ. ಜೋಡಿ ಮುರೀಬೇಕಾಗತ್ತೆ."

ಆ ಸಂಜೆಯೇ ಅತ್ತಿಗೆಯ ಅಕ್ಕನ ಫೋನು ಬಂತು. ಅತ್ತಿಗೆ ಬೆರಳಲ್ಲಿ ಜಾಮು ಇದೆಯೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಅಲ್ಲಿ ಯಾರೇ ಇದಾರೆ ನಿಂಗೆ? ಗಂಡನೇ ಇಲ್ಲ ಅಂದ್ಮೇಲೆ ಗಂಡನ ತಂಗಿ ಎಲ್ಲಿಯ ನಂಟು? ನಮ್ಮ ಹೊಲಿಗೆ ಅಂಗಡೀಲಿ ಒಂದು ಮಿಷನ್ ಖಾಲಿ ಇದೆ. ಸುಮ್ನೆ ಬಂದ್ಬಿಡು."

ಗುಬ್ಬಿ ಬಿಸ್ಕತ್ತಿನ ಎರಡು ಪದರ ಬಿಡಿಸಿ ಕ್ರೀಮು ನೋಡುತ್ತಿದ್ದಳು. ಅತ್ತಿಗೆ ಹೇಳಿದಳು, "ಹೊಸ ತೊಟ್ಟಿಲು ಇಬ್ಬರನ್ನೂ ಎತ್ತಿದ್ರೆ ಇಲ್ಲೇ ಇರ್ತೀನಿ ಅಕ್ಕ. ಎತ್ತದಿದ್ರೆ ಬರ್ತೀನಿ." ಬಸ್ಸು ಬಂದರೆ ಬಸ್ಸು, ಬಾರದಿದ್ದರೆ ನಡಿಗೆ ಅನ್ನುವ ದನಿ.

ಹೋಗಬೇಡಿ ಅನ್ನಬೇಕಿತ್ತು ಗುಬ್ಬಿ. ಮಾತು ನೆಲ ಬಿಟ್ಟು ಏಳಲೇ ಇಲ್ಲ. ಅವಳು ಎದ್ದು ಬಿಸ್ಕತ್ತಿನ ಡಬ್ಬವನ್ನೂ ಜಾಮಿನ ಶೀಶೆಯನ್ನೂ ತೆಗೆದುಕೊಂಡು ಹೋಗಿ ಬಟ್ಟೆ ಒಗೆಯುವ ಮಿಷನ್ನಿನೊಳಗಿಟ್ಟು ಮುಚ್ಚಳ ಹಾಕಿದಳು.

"ಇನ್ನು ಸಾಕು ಅತ್ತಿಗೆ. ಸಕ್ಕರೆ ಬೇಡ, ಬಾಟ್ಲಿ ಬೇಡ."

ಅತ್ತಿಗೆ ಖಾಲಿಯಾದ ಮೇಜು ನೋಡಿದಳು. "ಸರಿ. ಆದ್ರೆ ನಾಳೆ ಬಟ್ಟೆ ಒಗೀಬೇಕು."

ಮಾರನೆ ದಿನ ಜಾಮು, ಬಿಸ್ಕತ್ತು, ಇನ್ನೂ ತೆರೆಯದ ಬಾಟಲಿಗಳು ಎಲ್ಲವನ್ನೂ ಚೀಲಕ್ಕೆ ತುಂಬಿ ಮೇಲಿನ ಮನೆಯ ಟ್ಯಾಕ್ಸಿ ಡ್ರೈವರನಿಗೆ ಕೊಟ್ಟುಬಂದರು. ಸಂಜೆ ನಿಂಬೆಹಣ್ಣಿನ ನೀರನ್ನು ವೈನಿನ ಲೋಟಗಳಿಗೆ ಸುರಿದುಕೊಂಡು ಕೂತಿದ್ದಾಗ ಮೇಲಿನ ಮನೆಯಿಂದ ಅಪಸ್ವರದಲ್ಲಿ ಒಂದು ಹಾಡು ಇಳಿದುಬಂತು.

"ಕೇಳೇ, ನಮ್ಮ ಬಾಟ್ಲಿ ಹಾಡ್ತಿದೆ," ಅಂದಳು ಅತ್ತಿಗೆ. ಇಬ್ಬರೂ ನಗಲಿಲ್ಲ. ನಗುವಂಥ ಮಾತು ಅಂತ ಇಬ್ಬರಿಗೂ ಗೊತ್ತಿತ್ತು.

ಸಕ್ಕರೆ ಬಿಟ್ಟ ಮೊದಮೊದಲು ಗುಬ್ಬಿಗೆ ತಲೆ ಸಿಡಿಯುತ್ತಿತ್ತು. ಕುಡಿಯದೆ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಗೋಡೆಯಾಚೆ ಅತ್ತಿಗೆಯ ಮಂಚವೂ ಕಿರುಗುಟ್ಟುತ್ತಿತ್ತು. ಚಹಾ ಕಹಿ. ಅಂಗಡಿಯಲ್ಲಿ ಪೊಟ್ಟಣಗಳನ್ನು ತಿರುಗಿಸಿ ಓದತೊಡಗಿದ ಮೇಲೆ ತಿಳಿಯಿತು, ಸಕ್ಕರೆ ಎಂಥ ಬಹುರೂಪಿ ಅಂತ. ಟೊಮೆಟೊ ಸಾಸಿನಲ್ಲಿ ಅದೇ, ಬ್ರೆಡ್ಡಿನಲ್ಲಿ ಅದೇ, ಕೆಮ್ಮಿನ ಔಷಧಿಯಲ್ಲೂ ಅದೇ. ಇಬ್ಬರೂ ಬೇಯಿಸಿದ ತರಕಾರಿ, ಮೊಟ್ಟೆ, ಮೊಸರು ತಿಂದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಒಂದು ಸಂಜೆ ಅತ್ತಿಗೆ ಸಪ್ಪೆ ಗಜ್ಜರಿ ಅಗಿಯುತ್ತ, "ಮೊಲಗಳು ಯಾಕೆ ಮಾತಾಡಲ್ಲ ಅಂತ ಈಗ ಗೊತ್ತಾಯ್ತು," ಅಂದಳು.

ಹಿಂದಿನ ಕಟ್ಟಡ ತುಂಬ ಆಫೀಸುಗಳು. ಒಂದು ಮಧ್ಯಾಹ್ನ ಅವರು ಗಾಜಿಗೆ ಸಾಬೂನು ಬಳಿಯುವಾಗ ಒಳಗೆ ಯಾರದೋ ಹುಟ್ಟಿದ ದಿನ. ನೊರೆಯನ್ನು ಎಳೆದುಹಾಕಿದ ಕೂಡಲೇ ಪರದೆ ಸರಿದ ಹಾಗೆ ಎಲ್ಲ ಕಾಣಿಸಿತು: ಮೇಜು, ಬಿಳಿ ಕೆನೆಯ ಎರಡು ಪದರದ ಕೇಕು, ಸುತ್ತ ಚಪ್ಪಾಳೆ ತಟ್ಟುವ ಜನ, ಒಂದು ಚೂರೂ ಸದ್ದಿಲ್ಲ. ಕನ್ನಡಕದ ಹುಡುಗಿಯೊಬ್ಬಳು ಕೇಕಿನ ತುಂಡೊಂದನ್ನು ಗಾಜಿನ ಹತ್ತಿರ ತಂದು, ಬೇಕಾ ಅನ್ನುವಂತೆ ಗುಬ್ಬಿಯ ಬಾಯಿಯ ಎದುರಿಗೇ ಹಿಡಿದಳು. ಒಳ್ಳೆಯ ಮನಸ್ಸಿನಿಂದಲೇ. ಗುಬ್ಬಿ ತುಂಡನ್ನು ನೋಡಿದಳು. ಬೇಕು ಅನ್ನಿಸುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಏನೂ ಅನ್ನಿಸಲಿಲ್ಲ. ಗಾಜಿನ ಮೇಲೆ, ಕೇಕಿನ ಅಡ್ಡಕ್ಕೆ, ಪಟ್ಟಿ ಎಳೆದ ಒಂದು ತೆಳು ಗೆರೆ ಉಳಿದಿತ್ತು. ಅಣ್ಣನ ಕೊನೆಯ ಕೈ ಇಲ್ಲದೆ ಈಗೀಗ ಎಲ್ಲ ಗಾಜಿನಲ್ಲೂ ಒಂದು ಗೆರೆ ಉಳಿಯುತ್ತಿತ್ತು. ಬಟ್ಟೆಯ ತುದಿಯಿಂದ ಉಜ್ಜಿದಳು, ಹೋಗಲಿಲ್ಲ. ತೊಟ್ಟಿಲು ಕೆಳಗಿಳಿಯಿತು.

ಇಳಿಯುವಾಗ ಅವಳೇ ಮಾತೆತ್ತಿದಳು. "ನಮ್ಮಜ್ಜಿ ಒಂದು ಕತೆ ಹೇಳ್ತಿದ್ರು ಅತ್ತಿಗೆ. ಒಬ್ಬ ರಾಜ ಬೇಟೆಗೆ ಹೋದವನು ವಾಪಸ್ ಬರಲಿಲ್ವಂತೆ. ಅವನು ಹೋದ ದಾರೀಲಿ ಒಂದು ಸಕ್ಕರೆ ಬೆಟ್ಟ ಎದ್ದು ನಿಂತಿತ್ತಂತೆ. ರಾಣಿ ಅಂದ್ಳಂತೆ, ಹತ್ತೋಕೆ ಕಾಲಲ್ಲಿ ಬಲ ಇಲ್ಲ, ತಿಂದೇ ಕರಗಿಸ್ತೀನಿ ಅಂತ. ಕೂತು ತಿನ್ನೋಕೆ ಶುರು ಮಾಡಿದ್ಳಂತೆ."

"ಆಮೇಲೆ?"

"ಮರೆತುಹೋಗಿದೆ."

"ನಿಮ್ಮ ಮನೆ ಕತೆಗಳಿಗೆ ಬಾಲಾನೇ ಇಲ್ವಲ್ಲೇ! ನಿಮ್ಮಣ್ಣನೂ ಹೀಗೇ, ಅರ್ಧ ಹೇಳಿ ಗೊರಕೆ ಹೊಡೀತಿದ್ರು." ಅತ್ತಿಗೆ ಪಟ್ಟಿಯ ನೀರು ಜಾಡಿಸಿದಳು. "ಬೆಟ್ಟ ಎಲ್ಲಿ ಕರಗತ್ತೆ. ಅವಳೇ ಇನ್ನೊಂದು ಬೆಟ್ಟ ಆಗಿರ್ತಾಳೆ."

ಕೆಳಗಿಳಿದ ಮೇಲೆ ಅತ್ತಿಗೆ ತನ್ನ ಕೊಳೆನೀರನ್ನು ಚರಂಡಿಗೆ ಚೆಲ್ಲಿದಳು, ಗುಬ್ಬಿಯದನ್ನು ಚೆಲ್ಲಿದಳು, ಕೊನೆಗೆ ಹಸಿರು ಬಕೆಟ್ಟಿನ ನೀರನ್ನೂ ಚೆಲ್ಲಿದಳು. ಆ ನೀರು ತುಂಬಿಸಿದಾಗ ಇದ್ದ ಹಾಗೇ ತಿಳಿಯಾಗಿತ್ತು.

ತೂಕ ನೋಡಲು ಆ ಕಟ್ಟಡದ ನೆಲಮಾಳಿಗೆಯ ಪಾರ್ಸೆಲ್ ಕೋಣೆಗೆ ಹೋಗುತ್ತಿದ್ದರು. ತೊಟ್ಟಿಲಿಗೆ ಇಬ್ಬರೂ ಸೇರಿ ಎಷ್ಟು ಅನ್ನುವುದಷ್ಟೇ ಬೇಕಾದ್ದರಿಂದ ಬೇರೆ ಬೇರೆ ತೂಗಿಕೊಳ್ಳಲೇ ಇಲ್ಲ. ಪೆಟ್ಟಿಗೆಗಳನ್ನಿಡುವ ತಕ್ಕಡಿಯ ಹಲಗೆಯ ಮೇಲೆ ಒಟ್ಟಿಗೆ ಹತ್ತಿ, ಬೀಳದ ಹಾಗೆ ಒಬ್ಬರ ಭುಜ ಒಬ್ಬರು ಹಿಡಿದು ನಿಲ್ಲುತ್ತಿದ್ದರು. ಮೊದಲ ಸಲ ಮುಳ್ಳು ನೂರ ಎಂಬತ್ತರ ಹತ್ತಿರ ಹೋಗಿ ನಿಂತಿತ್ತು. ಪಾರ್ಸೆಲ್ಲಿನವನು ಕಿವಿಯಿಂದ ಪೆನ್ನು ತೆಗೆದ.

"ಯಾವ ವಿಳಾಸಕ್ಕೆ ಕಳಿಸ್ಲಿ ಅಕ್ಕಾ? ಒಡೆಯುವ ಸಾಮಾನು ಅಂತ ಚೀಟಿ ಅಂಟಿಸ್ಲಾ?"

"ಒಡೆದದ್ದು ಅಂತ ಅಂಟಿಸು," ಅಂದಳು ಅತ್ತಿಗೆ.

ಮುಳ್ಳು ವಾರ ವಾರ ಚೂರು ಚೂರೇ ಹಿಂದೆ ಸರಿಯಿತು. ಯಾರದ್ದು ಎಷ್ಟು ಇಳಿಯಿತೆಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಒಂದು ವಾರ ಮುಳ್ಳು ಅಲುಗಲಿಲ್ಲ. ಅತ್ತಿಗೆ ಮನೆಯ ಬಾಗಿಲು ತಲುಪಿದ ಮೇಲೆ, "ನಂದೇ ಗುಬ್ಬಿ. ಮೇಲಿನ ಮನೆಯವನು ಕರೆದು ಒಂದು ಲೋಟ ಕೊಟ್ಟ, ಕುಡಿದ್ಬಿಟ್ಟೆ. ಮಾರನೆ ದಿನಾನೂ," ಅಂದಳು. ಗುಬ್ಬಿಗೆ ಸಿಟ್ಟು ಬರಬೇಕಿತ್ತು. ಅತ್ತಿಗೆಗೆ ಹೊಲಿಗೆ ಅಂಗಡಿಯೇ ಇಷ್ಟವೇನೋ ಅನ್ನಿಸಿತು. "ರುಚಿಯಾಗಿತ್ತಾ?" ಅಂತಷ್ಟೇ ಕೇಳಿದಳು. ಅತ್ತಿಗೆ ಯೋಚಿಸಿ, "ಇಲ್ಲ," ಅಂದಳು. ಆಮೇಲೆ ಮೇಲಿನ ಮನೆಯ ಮೆಟ್ಟಿಲು ಹತ್ತಲಿಲ್ಲ.

ಚಳಿ ಮುಗಿಯುತ್ತ ಬಂತು. ಒಂದು ಸಂಜೆ ಮುಳ್ಳು ನೂರ ಅರವತ್ತಕ್ಕೂ ಒಂದು ಕೂದಲೆಳೆ ಹಿಂದೆ ನಿಂತಿತು. ಪಾರ್ಸೆಲ್ಲಿನವನು ಬಗ್ಗಿ ನೋಡಿ, "ಅಕ್ಕಂದಿರಾ, ಅಂಚೆ ಖರ್ಚು ಉಳೀತು," ಅಂದ. ಅತ್ತಿಗೆ ಹಲಗೆಯಿಂದ ಇಳಿಯುವಾಗ ಗುಬ್ಬಿಯ ಭುಜದ ಮೇಲಿನ ಕೈ ತೆಗೆಯಲು ಸ್ವಲ್ಪ ತಡಮಾಡಿದಳು.

ಹಳೆಯ ತೊಟ್ಟಿಲನ್ನು ಗುಜರಿಯವರು ಲಾರಿಗೆ ಹೇರಿಕೊಂಡು ಹೋದ ದಿನ, ಹೊಸದರ ಮುಂದೆ ಮೇಸ್ತ್ರಿ ನಿಂತಿದ್ದ. ಅವನ ಪಕ್ಕದಲ್ಲಿ ಮಿಷನ್ ಕಂಪನಿಯಿಂದ ಬಂದ ಮೆಕ್ಯಾನಿಕ್ ಹೆಂಗಸು, ನೀಲಿ ಅಂಗಿ, ಕೈಗೆಲ್ಲ ಗ್ರೀಸು. ಗುಬ್ಬಿ ಬಕೆಟ್ಟುಗಳನ್ನು ತುಂಬಿದಳು. ಅತ್ತಿಗೆ ಹೊತ್ತು ತಂದಳು. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ಹತ್ತಿದರು, ಪಟ್ಟಿ ಬಿಗಿದರು, ಅತ್ತಿಗೆ ಗುಂಡಿ ಒತ್ತಿದಳು.

ಕೊಂಯ್.

ಅತ್ತಿಗೆ ಇನ್ನೊಮ್ಮೆ ಒತ್ತಿದಳು. ಕೊಂಯ್.

"ಅಲ್ಲಾ, ನೂರ ಅರವತ್ತಕ್ಕಿಂತ ಕಮ್ಮಿ ಇದೀವಿ!" ಅಂದಳು ಗುಬ್ಬಿ. "ಪಾರ್ಸೆಲ್ಲಿನವರನ್ನ ಬೇಕಾದ್ರೆ ಕೇಳಿ."

"ನೋಡಿದ್ರೇ ಗೊತ್ತಾಗತ್ತಮ್ಮ ಇಳಿದಿದೀರಿ ಅಂತ. ಮಿಷನ್ನೇ ಕೆಟ್ಟಿರ್ಬೇಕು," ಅಂದ ಮೇಸ್ತ್ರಿ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಮಿಷನ್ ಕೆಟ್ಟಿಲ್ಲ, ಈಗ ತಾನೆ ನೋಡಿದೀನಿ," ಅಂದಳು ಮೆಕ್ಯಾನಿಕ್. ಅತ್ತಿಗೆ ಆಗಲೇ ಸೊಂಟದ ಪಟ್ಟಿ ಬಿಚ್ಚಲು ಕೈ ಹಾಕಿದ್ದಳು. ಅವಸರವಿಲ್ಲ, ಬೇಸರವಿಲ್ಲ, ನಿಲ್ದಾಣ ಬಂದರೆ ಎದ್ದು ನಿಲ್ಲುವವಳ ಹಾಗೆ. ಗುಬ್ಬಿ ಆ ಬೆರಳುಗಳನ್ನೇ ನೋಡುತ್ತಿದ್ದಳು. ಹೊಲಿಗೆ ಮಿಷನ್ನಿನ ಮೇಲೆ ಆ ಬೆರಳುಗಳು ಹೇಗಿರುತ್ತವೆ ಅಂದುಕೊಂಡಳು.

ಮೆಕ್ಯಾನಿಕ್ ಹತ್ತಿರ ಬಂದು ಕಂಬಿಯ ಮೇಲಿಂದ ಬಗ್ಗಿದಳು. "ಇದೇನು, ಮೂರು ಬಕೆಟ್ ಯಾಕೆ? ಇರೋದು ಇಬ್ಬರು. ನೀವಿಬ್ಬರು, ಎರಡು ಬಕೆಟ್, ಇಷ್ಟಕ್ಕೇ ಲೆಕ್ಕ."

ಅವಳು ಈ ಗುಂಪಿಗೆ ಹೊಸಬಳು. ಮೂರು ಬಕೆಟ್ಟುಗಳನ್ನು ಮೂರು ಅಂತ ಎಣಿಸಿದವಳು ಇಷ್ಟು ದಿನದಲ್ಲಿ ಅವಳೊಬ್ಬಳೇ. ಮೇಸ್ತ್ರಿ ಟೋಪಿ ತೆಗೆದ.

"ನಾನಾದ್ರೂ ನೋಡ್ಬೇಕಿತ್ತಲ್ಲ," ಅಂದ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು."

ಗುಬ್ಬಿ ಅತ್ತಿಗೆಯನ್ನು ನೋಡಿದಳು. "ನೀವು ದಿನಾ ಹೊತ್ಕೊಂಡು ಬರ್ತಿದ್ರಿ. ನಿಮಗೆ ಬೇಕು ಅಂತ ತುಂಬಿಸ್ತಿದ್ದೆ."

"ನೀನು ದಿನಾ ತುಂಬಿಸಿ ಇಡ್ತಿದ್ದೆ," ಅಂದಳು ಅತ್ತಿಗೆ. "ಹೊರದೇ ಇದ್ರೆ ನಿಂಗೆ ಹೇಗಾಗತ್ತೋ ಅಂತ..."

ಅತ್ತಿಗೆ ಬಗ್ಗಿ ಹಸಿರು ಬಕೆಟ್ ಎತ್ತಿದಳು. ಗುಬ್ಬಿಯೂ ಕೈ ಕೊಟ್ಟಳು. ಬಟ್ಟೆ ಸುತ್ತಿದ ಹಿಡಿಯನ್ನು ಇಬ್ಬರೂ ಹಿಡಿದು ಕಂಬಿ ದಾಟಿಸಿ, ನೀರು ತುಳುಕದಂತೆ ನೆಲಕ್ಕೆ ಇಟ್ಟರು. ಅತ್ತಿಗೆ ಸಡಿಲಿಸಿದ್ದ ಪಟ್ಟಿಯನ್ನು ಬಿಗಿದುಕೊಂಡು ಗುಂಡಿ ಒತ್ತಿದಳು. ತೊಟ್ಟಿಲು ಒಮ್ಮೆ ಮೈಮುರಿದು ನೆಲ ಬಿಟ್ಟಿತು.

ಮೇಲೆ ಹೋಗುವಾಗ ಹಸಿರು ಬಕೆಟ್ ಚಿಕ್ಕದಾಗುತ್ತ ಹೋಯಿತು. ಮೊದಲು ಲೋಟದಷ್ಟು, ಆಮೇಲೆ ಗುಂಡಿಯಷ್ಟು. ಅದರೊಳಗೆ ಆಕಾಶದ ಒಂದು ಚೂರು ಹೊಳೆಯುತ್ತಿತ್ತು.

ನೆತ್ತಿಯಿಂದ ಶುರುಮಾಡಿದರು. ಬಳಿ, ಎಳೆ, ಇಳಿ. ಬಳಿ, ಎಳೆ, ಇಳಿ. ಎರಡೋ ಮೂರೋ ಅಂತಸ್ತು ಇಳಿದಿರಬೇಕು, ಗಾಜಿನ ಮೇಲೆ ಗೆರೆಯೊಂದು ಉಳಿದದ್ದು ಕಂಡು ಗುಬ್ಬಿ ಬಟ್ಟೆ ಹಿಡಿದ ಕೈಯನ್ನು ನಡುವಿನ ಬಕೆಟ್ಟಿಗೆ ಅದ್ದಲು ಚಾಚಿದಳು. ಇಷ್ಟು ದಿನ ಅದು ತುಂಬಿ ಪಕ್ಕದಲ್ಲೇ ಇದ್ದಾಗ ಒಮ್ಮೆಯೂ ಅದ್ದದ ಕೈ. ಕೈ ಗಾಳಿಯಲ್ಲಿ ಇಳಿಯಿತು, ಇನ್ನೂ ಇಳಿಯಿತು, ನೀರು ಸಿಗಲಿಲ್ಲ.

ಮೊದಲು ಬೆರಳ ತುದಿಗೆ ಜೀವ ಬಂತು. ಮಡಿಚಿದ ಕಾಲು ಚಾಚಿದಾಗ ಸಾವಿರ ಸೂಜಿ ಚುಚ್ಚುತ್ತವಲ್ಲ, ಹಾಗೆ. ಅಲ್ಲಿಂದ ಮೊಣಕೈ, ಭುಜ, ಎದೆ. ಗುಬ್ಬಿ ಕಂಬಿ ಹಿಡಿದು ಕುಕ್ಕರಿಸಿದಳು. ಬಾಯಿಂದ ಬಂದ ಸದ್ದಿನ ಗುರುತು ಅವಳಿಗೇ ಸಿಗಲಿಲ್ಲ. ಅತ್ತಿಗೆ ನಿಲ್ಲಿಸುವ ಗುಂಡಿ ಒತ್ತಿ ಅವಳ ಪಕ್ಕದಲ್ಲಿ, ಬಕೆಟ್ ಇರುತ್ತಿದ್ದ ಜಾಗದಲ್ಲಿ ಕೂತಳು. ಗಾಜಿನಾಚೆ ಕಂಪ್ಯೂಟರಿನ ಮುಂದಿದ್ದ ಒಬ್ಬ ಮನುಷ್ಯ ಇವರನ್ನು ನೋಡಿ, ಎದ್ದು ಬಂದು, ಮೆಲ್ಲಗೆ ಪರದೆ ಎಳೆದುಕೊಂಡ. ತೊಟ್ಟಿಲು ಗಾಳಿಗೆ ಅಷ್ಟಷ್ಟೇ ತೂಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಗುಬ್ಬಿ ತೋಳಿನಿಂದ ಮೂಗು ಒರೆಸಿಕೊಂಡಳು. "ಇದು ಎತ್ತದೇ ಇದ್ದಿದ್ರೂ ನೀವು ಹೋಗಬಾರದಿತ್ತು ಅತ್ತಿಗೆ."

ಅತ್ತಿಗೆಯ ಕಣ್ಣೂ ಕೆಂಪಾಗಿತ್ತು. ಅವಳು ಪರದೆ ಎಳೆದ ಗಾಜನ್ನೇ ನೋಡುತ್ತಿದ್ದಳು. "ಇದನ್ನ ಆವತ್ತೇ ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತೇ ನಿಂಗೆ? ಚಹಾಕ್ಕೆ ಒಂದು ಚಮಚ ಸಕ್ಕರೆನಾದ್ರೂ ಹಾಕ್ಕೋತಿದ್ದೆ."

ಮಾರನೆ ಬೆಳಿಗ್ಗೆ ಗುಬ್ಬಿ ನಲ್ಲಿ ತಿರುಗಿಸಿ ತನ್ನ ಬಕೆಟ್ ತುಂಬಿದಳು, ಅತ್ತಿಗೆಯದನ್ನು ತುಂಬಿದಳು. ಹಸಿರು ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ 'ಇವತ್ತು ಬೇಡ' ಅಂತ ತನಗೇ ಹೇಳಿಕೊಂಡು ಅದನ್ನು ಗೋಡೆಯ ಪಕ್ಕ ಬೋರಲು ಹಾಕಿದಳು. ಅತ್ತಿಗೆ ಬಂದು ಅತ್ತ ಇತ್ತ ನೋಡಿ, ಅದರ ಮೇಲೆ ಕೂತು ಬೂಟಿನ ದಾರ ಕಟ್ಟತೊಡಗಿದಳು.

"ಅಯ್ಯೋ ಅತ್ತಿಗೆ, ಮುರಿದುಹೋಗತ್ತೆ!"

"ಈಗ ಮುರಿಯಲ್ಲ," ಅಂದಳು ಅತ್ತಿಗೆ, ತಲೆಯೆತ್ತದೆ. "ಅಷ್ಟೊಂದು ಭಾರ ಇಲ್ಲ ನಾನು."